ಎರಡನೇ ಸಾಕ್ಷಿಯ ಹೆಂಡತಿ

ನಾನು ನಿರಪರಾಧಿ ಎಂದು ಚಿಕ್ಕಮಗಳೂರಿನ ಕೋರ್ಟು ಹೇಳಿದ ದಿನ ಸಂಜೆ ನಮ್ಮ ಮನೆಯಲ್ಲಿ ದೊಡ್ಡ ಜಗಳವಾಯಿತು. ಹಬ್ಬವಾಗಬೇಕಿತ್ತು. ಬೆಳಿಗ್ಗೆ ಕೋರ್ಟಿನ ಮೆಟ್ಟಿಲಿಳಿಯುವಾಗ ನನ್ನ ಗಂಡ ಎದುರು ಸಿಕ್ಕವರಿಗೆಲ್ಲ ಕೈ ಮುಗಿಯುತ್ತಿದ್ದರು, ಮುಖಪರಿಚಯವೂ ಇಲ್ಲದ ಪೊಲೀಸರಿಗೆ ಕೂಡ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಓಡಿಹೋಗಿ ನೀರುದೋಸೆ ಕಟ್ಟಿಸಿಕೊಂಡು ಬಂದರು. ಕಳಸದಲ್ಲಿ ಇಳಿದು ಎಸ್ಟೇಟಿನ ದಾರಿ ಹತ್ತುವಾಗ ನನ್ನ ಚೀಲವನ್ನೂ ತಾವೇ ಹೊತ್ತರು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವರು ನನ್ನ ಚೀಲ ಹೊತ್ತದ್ದು ನನಗೆ ನೆನಪಿಲ್ಲ.

ಮನೆಗೆ ಬಂದು ಕಾಫಿ ಮಾಡುವಷ್ಟರಲ್ಲಿ ಲಾಯರಮ್ಮನ ಫೋನು ಬಂತು. ಮೂಡಿಗೆರೆಯ ಕೋರ್ಟಿನಲ್ಲಿ ಕೇಸು ಶುರುವಾದಾಗಿನಿಂದ ನನ್ನ ಪರವಾಗಿ ನಿಂತಿದ್ದ ಹೆಂಗಸು ಅವರು. ನನಗಿಂತ ಚಿಕ್ಕವರು, ಮಾತು ಮಾತ್ರ ಕಡ್ಡಿ ಮುರಿದ ಹಾಗೆ.

"ಮೇಡಂ, ತೀರ್ಪು ಪೂರ್ತಿ ಓದಿದೆ. ಅಕ್ಕಿ ಒಂದು ಹಿಡಿಯೂ ಕಡಿಮೆಯಾಗಿಲ್ಲ, ಮಾರೋಕೆ ಇಟ್ಟಿದ್ದು ಅನ್ನೋದಕ್ಕೆ ಆಧಾರವೇ ಇಲ್ಲ ಅಂದಿದ್ದಾರೆ. ಇನ್ನೊಂದು, ಎರಡನೇ ಸಾಕ್ಷಿಯ ಮಾತನ್ನ ನಂಬೋಕಾಗಲ್ಲ, ತನ್ನನ್ನ ಉಳಿಸಿಕೊಳ್ಳೋಕೆ ಹೇಳಿದ ಸುಳ್ಳು ಅಂತ ನೇರವಾಗಿ ಬರೆದಿದ್ದಾರೆ. ನಾವು ಗೆದ್ದಿದ್ದೇ ಅಲ್ಲಿ."

ಎರಡನೇ ಸಾಕ್ಷಿ ಎಂದರೆ ನನ್ನ ಗಂಡ. ಫೋನು ಸ್ಪೀಕರಿನಲ್ಲಿತ್ತು. ಅವರು ಲೋಟಕ್ಕೆ ಕಾಫಿ ಬಗ್ಗಿಸುತ್ತಾ ನಿಂತಿದ್ದರು. ಲಾಯರಮ್ಮನಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳುತ್ತಿದ್ದರೇನೋ.

ಫೋನಿಟ್ಟ ಮೇಲೆ ನನ್ನ ಗಂಡ ಕೇಳಿದ ಮೊದಲ ಮಾತು, "ಆ ತೀರ್ಪಿನ ಕಾಪಿ ಯಾರ್ಯಾರಿಗೆ ಸಿಗ್ತದೆ?"

"ಬೇಕಾದೋರಿಗೆಲ್ಲ ಸಿಗ್ತದೆ. ಕೆಲಸ ವಾಪಸ್ ಕೇಳೋಕೆ ಆಫೀಸಿಗೂ ಅದನ್ನೇ ಕೊಡ್ಬೇಕು."

"ಆಫೀಸಿಗೆ ಕೊಡು. ಇಲ್ಲಿ ಯಾರಿಗೂ ತೋರಿಸ್ಬೇಡ ಮಾರಾಯ್ತಿ. ನಾ ಎಸ್ಟೇಟಲ್ಲಿ ಮುಖ ಎತ್ಕಂಡು ಓಡಾಡ್ಬೇಕಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕಿ ಕದ್ದವಳು ಎನ್ನಿಸಿಕೊಂಡು ವರ್ಷಗಟ್ಟಲೆ ತಲೆ ತಗ್ಗಿಸಿ ಓಡಾಡಿದವಳು ನಾನು. ಆ ವರ್ಷಗಳಲ್ಲಿ ಒಮ್ಮೆಯೂ ಮುಖದ ವಿಚಾರ ಎತ್ತದವರಿಗೆ ಈಗ ಒಂದೇ ಗಳಿಗೆಯಲ್ಲಿ ತಮ್ಮ ಮುಖದ ಚಿಂತೆ ಹತ್ತಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವರೂ ಸುಮ್ಮನಿರಲಿಲ್ಲ, "ಕೋರ್ಟು ನನ್ನನ್ನ ಸುಳ್ಳುಗಾರ ಅಂದಿದ್ದಕ್ಕೆ ನಿಂಗೆ ಖುಷಿ" ಅಂದರು. ದೋಸೆಯ ಪೊಟ್ಟಣವನ್ನು ಬಿಚ್ಚಲಿಲ್ಲ, ಬೆಳಿಗ್ಗೆ ನಾಯಿಗೆ ಹಾಕಿದೆ.

ಮೊದಲಿಂದ ಹೇಳಬೇಕು. ನಾನು ಕಳಸದ ಸುತ್ತಿನ ಒಂದು ಊರಿನಲ್ಲಿ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದೆ. ಊರಿನ ಹೆಸರು ಬೇಡ. ನನ್ನ ಗಂಡ ಅಲ್ಲೇ ಸಮೀಪದ ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಕರೆಯುವುದು, ಕೊಯ್ದ ಹಣ್ಣು ತೂಗಿಸುವುದು, ಗೋಡೌನಿನ ಬೀಗ ನೋಡಿಕೊಳ್ಳುವುದು ಅವರ ಕೆಲಸ. ಎಸ್ಟೇಟಿನವರು ಕೊಟ್ಟ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಇದ್ದೆವು. ನಮಗೆ ಮಕ್ಕಳಿಲ್ಲ.

ಹಾಸ್ಟೆಲ್ಲಿನ ಸ್ಟೋರ್ ರೂಮು ಮಳೆಗಾಲದಲ್ಲಿ ಸ್ಟೋರ್ ರೂಮಾಗಿ ಉಳಿಯುತ್ತಿರಲಿಲ್ಲ. ಮಾಡಿನಿಂದ ನೀರು, ಗೋಡೆಯಿಂದ ನೀರು, ನೆಲದಿಂದಲೂ ಜಲ. ರಿಪೇರಿಗೆ ಬರೆದು ಬರೆದು ಸಾಕಾಗಿತ್ತು. ಆದರೆ ದಾಸ್ತಾನು ಬರುವುದು ಮಾತ್ರ ಮಳೆಗಾಲಕ್ಕೆ ಮುಂಚೆ, ಒಟ್ಟಿಗೆ. ಘಾಟಿಯಲ್ಲಿ ಗುಡ್ಡ ಕುಸಿದರೆ, ಹೊಳೆ ಸೇತುವೆಯ ಮೇಲೆ ಹರಿದರೆ ಲಾರಿ ಬರುವುದಿಲ್ಲ, ಆದ್ದರಿಂದ ಮಳೆ ಮುಗಿಯುವವರೆಗೆ ಬೇಕಾಗುವ ಅಕ್ಕಿಯನ್ನು ಮೊದಲೇ ಇಳಿಸಿ ಹೋಗುತ್ತಿದ್ದರು. ಅದನ್ನು ಆ ರೂಮಿನಲ್ಲಿಟ್ಟರೆ ಹದಿನೈದು ದಿನಕ್ಕೆ ಬೂಷ್ಟು, ತಿಂಗಳಿಗೆ ಹುಳ. ಆ ಅನ್ನವನ್ನು ಮಕ್ಕಳ ತಟ್ಟೆಗೆ ಹಾಕಲು ನನಗೆ ಕೈ ಬರುತ್ತಿರಲಿಲ್ಲ.

ನಾನು ಬರುವ ಮೊದಲೇ ಅದಕ್ಕೊಂದು ದಾರಿ ಮಾಡಿಕೊಂಡಿದ್ದರು. ಎಸ್ಟೇಟಿನ ಕಾಫಿ ಗೋಡೌನು ಮಳೆಗಾಲಕ್ಕೆ ಖಾಲಿಯಾಗಿರುತ್ತದೆ. ದಪ್ಪ ಗೋಡೆ, ನೆಲದಿಂದ ಎತ್ತರಿಸಿದ ಹಲಗೆ, ಒಂದು ಹನಿ ಸೋರುವುದಿಲ್ಲ. ಅಕ್ಕಿ ಮೂಟೆಗಳನ್ನು ಎಸ್ಟೇಟಿನ ಜೀಪಿನಲ್ಲಿ ಹಾಡಹಗಲಲ್ಲೇ ಅಲ್ಲಿಗೆ ಸಾಗಿಸಿ, ವಾರಕ್ಕೊಮ್ಮೆ ಬೇಕಾದಷ್ಟು ತರಿಸಿಕೊಳ್ಳುವುದು. ಹಿಂದಿನ ವಾರ್ಡನ್ನೂ ಹಾಗೇ ಮಾಡಿದ್ದರು. ಎಸ್ಟೇಟಿನ ಸಾಹುಕಾರರು ಬೇಡ ಅಂದವರಲ್ಲ. ತಾಲೂಕಿನ ನಮ್ಮ ಅಧಿಕಾರಿಯನ್ನು ಪ್ರತಿ ಸಲ ಕೇಳುತ್ತಿದ್ದೆ, "ಪ್ರತಿ ವರ್ಷದ ಹಾಗೆ ಮಾಡಿ" ಎನ್ನುತ್ತಿದ್ದರು. ಬರೆದು ಕೊಡಿ ಎಂದು ಕೇಳಬೇಕಿತ್ತೆಂದು ಆಮೇಲೆ ಎಲ್ಲರೂ ಬುದ್ಧಿ ಹೇಳಿದರು. ಕೇಳಿದ್ದರೆ ಖಂಡಿತ ಕೊಡುತ್ತಿರಲಿಲ್ಲ, ಅಕ್ಕಿ ಕೊಳೆಯುತ್ತಿತ್ತು.

ಆ ವರ್ಷ ಒಂದು ವ್ಯತ್ಯಾಸವಾಯಿತು. ರೇಟು ಏರಬಹುದೆಂದು ಸಾಹುಕಾರರು ಕಾಫಿ ಮಾರದೆ ಇಟ್ಟುಕೊಂಡರು. ಗೋಡೌನು ಪೂರ್ತಿ ಪಾರ್ಚ್‌ಮೆಂಟ್. ಹಣ್ಣು ಸುಲಿದು ತೊಳೆದು ಒಣಗಿಸಿದ ಕಾಫಿಗೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಪಕ್ಕದಲ್ಲಿ ಏನಿಟ್ಟರೂ ಅದು ವಾಸನೆ ಹಿಡಿದುಕೊಳ್ಳುತ್ತದೆಂದು ಕಾಫಿಯವರಿಗೆ ಭಯ. ಗೋಣಿಯ ವಾಸನೆ ಹಿಡಿದರೂ ಕೊಳ್ಳುವವರು ಮುಖ ಸಿಂಡರಿಸುತ್ತಾರೆ. ಅದಕ್ಕೇ ನನ್ನ ಗಂಡ ಅಕ್ಕಿ ಮೂಟೆಗಳನ್ನು ಗೋಡೌನಿನ ಹಿಂಬದಿಯ ಮೆಣಸಿನ ಕೋಣೆಗೆ ಹಾಕಿಸಿ, ಮೇಲೆ ದಪ್ಪ ಟಾರ್ಪಾಲು ಹೊದಿಸಿ, ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿಸಿದರು. ಕಾಫಿ ಬಲ್ಲವರು ಯಾರೇ ಆದರೂ ಹಾಗೇ ಮಾಡುತ್ತಾರೆ. ಕಾಫಿ ಗೊತ್ತಿಲ್ಲದವರ ಕಣ್ಣಿಗೆ ಅದು ಸರ್ಕಾರಿ ಅಕ್ಕಿಯನ್ನು ಖಾಸಗಿ ಗೋಡೌನಿನ ಹಿಂದೆ ಬಚ್ಚಿಟ್ಟ ಹಾಗೇ ಕಾಣುತ್ತದೆ.

ಹಾಗೇ ಕಂಡಿತು. ಯಾರೋ ಟಾರ್ಪಾಲು ಎತ್ತಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಿಟ್ಟರು. ಯಾರೆಂದು ಇವತ್ತಿಗೂ ಗೊತ್ತಿಲ್ಲ, ತಿಳಿದುಕೊಳ್ಳುವ ಕುತೂಹಲವೂ ಉಳಿದಿಲ್ಲ. ತಪಾಸಣೆಗೆ ಬಂದವರು ಹಾಸ್ಟೆಲ್ಲಿನಲ್ಲಿ ದಾಸ್ತಾನು ಕಡಿಮೆ ಇರುವುದನ್ನು ಕಂಡರು, ಪೊಲೀಸರ ಜೊತೆ ಗೋಡೌನಿಗೆ ಹೋದರು, ಸರ್ಕಾರದ ಮುದ್ರೆಯ ಮೂಟೆಗಳ ಮುಂದೆ ನಿಂತು ಇನ್ನೊಂದು ಫೋಟೋ ತೆಗೆದುಕೊಂಡರು. ನಮ್ಮ ಅಧಿಕಾರಿ ಅದೇ ಸಂಜೆ, "ನಾನು ಹಾಗೆ ಹೇಳಿಯೇ ಇಲ್ಲ, ಹೇಳಿದ್ದರೆ ಬರಹದಲ್ಲಿ ತೋರಿಸಲಿ" ಎಂದು ಕೈ ತೊಳೆದುಕೊಂಡರು. ಅವರ ಮೇಲೆ ನನಗೆ ಹೆಚ್ಚು ಸಿಟ್ಟು ಬರಲಿಲ್ಲ. ಅವರಿಂದ ಅಷ್ಟೇ ನಿರೀಕ್ಷಿಸಿದ್ದೆ.

ಮಕ್ಕಳ ಅನ್ನ ಕದ್ದವಳು ಎಂಬ ಕೇಸು. ಅಮಾನತಿನ ಆದೇಶ ಕೈಗೆ ಬಂತು. ಮನೆಯಲ್ಲಿ ನನ್ನ ಗಂಡ ಹೇಳಿದರು, "ಪೊಲೀಸ್ರು ನನ್ನನ್ನ ಸಾಕ್ಷಿ ಮಾಡ್ತಾರಂತೆ. ಆಗ್ಲಿ ಬಿಡು. ಇಬ್ರೂ ಆರೋಪಿಗಳಾದ್ರೆ ಓಡಾಡೋರು ಯಾರು? ನಾ ಹೊರಗಿದ್ರೆ ನಿನ್ನ ಬಿಡಿಸ್ಕಂಡು ಬರ್ತೀನಿ. ಸಾಕ್ಷಿ ಕಟ್ಟೆ ಮೇಲೆ ನಿಂತು ನಿಜ ಹೇಳ್ತೀನಿ, ಕೇಸು ಅಲ್ಲೇ ಬಿದ್ದೋಗ್ತದೆ." ನನಗೆ ಅದು ಸರಿಯೆಂದೇ ಕಂಡಿತು. ಮೂಟೆ ಇಳಿಸಿಕೊಂಡವರು ಅವರು, ಬೀಗ ಹಾಕಿದವರು ಅವರು. ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಇನ್ನೆಲ್ಲಿ ಸಿಗಬೇಕು?

ಅವರು ಸಾಕ್ಷಿ ಹೇಳುವ ದಿನ ಮೂಡಿಗೆರೆಗೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋದೆವು. ಅವರ ಅಂಗಿಯ ಕಾಲರನ್ನು ನಾನೇ ಸರಿಮಾಡಿದೆ. ನಾನು ಆರೋಪಿಯ ಜಾಗದಲ್ಲಿ ನಿಂತೆ, ಅವರು ಸಾಕ್ಷಿ ಕಟ್ಟೆ ಹತ್ತಿದರು. ಸರ್ಕಾರಿ ವಕೀಲರು ಕೇಳಿದರು, ಗೋಡೌನಿನ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು?

"ನನ್ನ ಹತ್ರ ಸ್ವಾಮಿ. ರಾತ್ರಿ ಮನೇಲಿ ಗೂಟಕ್ಕೆ ನೇತು ಹಾಕ್ತಿದ್ದೆ. ಅವ್ರು ಯಾವಾಗ ತಗೊಂಡು ಹೋಗಿ ಮೂಟೆ ಇಡಿಸಿದ್ರೋ ನಂಗೆ ತಿಳೀದು."

ಅವ್ರು ಎಂದರೆ ನಾನು. ಮೊದಲು ನನಗೆ ಅರ್ಥವೇ ಆಗಲಿಲ್ಲ. ಬೇರೆ ಯಾವುದೋ ಕೇಸಿನ ಮಾತು ಎಂಬಂತೆ ಕೇಳಿಸಿಕೊಂಡೆ. ಟಾರ್ಪಾಲು? ನೋಡಿಲ್ಲ. ಜೀಪು? ಗೊತ್ತಿಲ್ಲ. ಹೆಂಡತಿ ಏನಾದರೂ ಹೇಳಿದ್ದರೇ? ಇಲ್ಲ. ಒಂದೊಂದು ಪ್ರಶ್ನೆಗೂ ಅವರು ಸ್ವಲ್ಪ ಯೋಚಿಸಿ, ತಪ್ಪು ಉತ್ತರ ಹೇಳಬಾರದೆಂಬ ಎಚ್ಚರದಲ್ಲಿ ಹೇಳುತ್ತಿದ್ದರು. ನನ್ನತ್ತ ಮಾತ್ರ ನೋಡಲಿಲ್ಲ. ನಾನು ಕಟಕಟೆಯ ಮರ ಹಿಡಿದುಕೊಂಡು ನಿಂತಿದ್ದೆ. ಕೂಗಿಬಿಡಬೇಕು ಅನ್ನಿಸಿತು.

ನನ್ನ ಕಡೆಗೆ ಮಾತಾಡಿದವಳು ಹಾಸ್ಟೆಲ್ಲಿನ ಅಡುಗೆಯವಳೊಬ್ಬಳೇ. ಅವಳೂ ಸರ್ಕಾರದ ಸಾಕ್ಷಿಯಾಗಿಯೇ ಬಂದವಳು. ನಮ್ಮ ಲಾಯರಮ್ಮ ಪಾಟೀಸವಾಲು ಮಾಡಿದಾಗ, "ಪ್ರತಿ ವರ್ಷ ಹಂಗೇ ಇಡೋದು. ಜೀಪಲ್ಲಿ ನಾನೂ ಹೋಗಿದ್ದೆ. ಬಾಗಿಲು ತೆಗ್ದಿದ್ದು ಇವ್ರ ಯಜಮಾನ್ರೇ" ಅಂದಳು. ನನ್ನ ಗಂಡನ ಮಾತಿನ ಮುಂದೆ ಅವಳ ಮಾತಿಗೆ ಕೆಳಗಿನ ಕೋರ್ಟಿನಲ್ಲಿ ಬೆಲೆ ಬರಲಿಲ್ಲ. ಕಟ್ಟಿಕೊಂಡ ಗಂಡನೇ ವಿರುದ್ಧ ಹೇಳುತ್ತಾನೆಂದರೆ ಏನೋ ಇರಲೇಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೆ ಶಿಕ್ಷೆಯಾಯಿತು. ಮೇಲ್ಮನವಿ ಮುಗಿಯುವವರೆಗೆ ತಡೆ ಸಿಕ್ಕಿದ್ದರಿಂದ ಜೈಲಿಗೆ ಹೋಗಲಿಲ್ಲ, ಕೆಲಸದಿಂದ ಮಾತ್ರ ವಜಾ ಮಾಡಿದರು.

ಅವರು ಸಾಕ್ಷಿ ಹೇಳಿ ಬಂದ ದಿನದ ಸಂಜೆಯನ್ನು ಮರೆಯದೆ ಬರೆಯಬೇಕು. ಮನೆಗೆ ಬಂದವರೇ ಅವರು ಮಂಚದ ಮೇಲೆ ಕುಸಿದು ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. "ಸಾವ್ಕಾರ್ರು ಕರೆಸಿ ಹೇಳಿದ್ರು. ಎಸ್ಟೇಟಿನ ಹೆಸ್ರು ಬರಕೂಡ್ದು, ಬಂದ್ರೆ ನೀನೂ ಇಲ್ಲ, ನಿನ್ನ ಕ್ವಾರ್ಟರ್ಸೂ ಇಲ್ಲ ಅಂದ್ರು. ನಾನೇನ್ ಮಾಡ್ಲಿ ಹೇಳು? ಬೀದಿಗೆ ಬಿದ್ರೆ ನಿನ್ನ ಕೇಸು ನಡೆಸೋದು ಹೆಂಗೆ?"

ನಾನು ಅವರ ತಲೆ ಸವರಿದೆ. ಸಮಾಧಾನ ಮಾಡಿದೆ. ಹೊಟ್ಟೆಪಾಡಿಗೆ ಸಿಕ್ಕಿಬಿದ್ದ ಮನುಷ್ಯ, ಯಜಮಾನನ ಎದುರು ರೈಟರ್ ಏನು ತಾನೇ ಮಾಡಿಯಾನು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಸಿಟ್ಟನ್ನೆಲ್ಲ ಕಟ್ಟಿ ಗುಡ್ಡದ ಮೇಲಿನ ಸಾಹುಕಾರರ ಬಂಗಲೆಗೆ ಕಳಿಸಿಬಿಟ್ಟೆ. ಅಂದಿನಿಂದ ಸಾಹುಕಾರರ ಜೀಪು ಎದುರಾದರೆ ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಅವರ ಮನೆಯ ಶುಭಕಾರ್ಯಕ್ಕೆ ಕರೆದರೂ ಹೋಗಲಿಲ್ಲ. ಮನಸ್ಸಿನಲ್ಲಿ ಅವರಿಗೆ ಹಾಕಿದಷ್ಟು ಶಾಪವನ್ನು ನಾನು ಇನ್ಯಾರಿಗೂ ಹಾಕಿಲ್ಲ.

ಕೆಲಸ ಹೋದ ಮೇಲೆ ಮನೆಯಲ್ಲಿ ಕೂತು ಉಣ್ಣಲು ನನ್ನಿಂದಾಗಲಿಲ್ಲ. ಕಾಫಿ ಕುಯ್ಲಿಗೆ ಹೋದೆ, ಅದೇ ಎಸ್ಟೇಟಿಗೆ. ಬೇರೆಲ್ಲಿಗೆ ಹೋಗಲಿ? ಬೆಳಿಗ್ಗೆ ಹೆಣ್ಣಾಳುಗಳ ಸಾಲಿನಲ್ಲಿ ನಿಂತರೆ ಹಾಜರಿ ಕರೆಯುತ್ತಿದ್ದವರು ನನ್ನ ಗಂಡ. ನನ್ನ ಹೆಸರು ಬಂದಾಗ ಅವರ ದನಿ ಸ್ವಲ್ಪ ಇಳಿಯುತ್ತಿತ್ತು, ನಾನು ಮಾತ್ರ ಗಟ್ಟಿಯಾಗಿಯೇ ಓ ಅನ್ನುತ್ತಿದ್ದೆ. ಜೊತೆಯ ಹೆಂಗಸರು ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಗಿಡದ ಆ ಕಡೆಯಿಂದ, "ಮೇಡಂ, ಇರುವೆ ಗೂಡದೆ, ಆ ರೆಂಬೆ ಮುಟ್ಬೇಡಿ" ಎನ್ನುತ್ತಿದ್ದರು. ಕೆಲವರ ಮಕ್ಕಳು ನನ್ನ ಹಾಸ್ಟೆಲ್ಲಿನಲ್ಲಿ ಇದ್ದು ಓದಿದವರು. ಅಂಥ ತಾಯಂದಿರಲ್ಲೊಬ್ಬಳು ಊಟದ ಹೊತ್ತಿಗೆ ಹತ್ತಿರ ಬಂದು ಕೂತು ಮೆಲ್ಲಗೆ ಕೇಳಿದಳು, "ಮೇಡಂ, ನಮ್ಗೆ ಹೊಟ್ಟೆ ತುಂಬ ಹಾಕ್ತಿದ್ರು ಅಂತ ನನ್ ಮಗಳು ಹೇಳ್ತಾಳೆ. ಮತ್ತೆ ಯಾಕೆ ಹಂಗಾಯ್ತು?" ಉತ್ತರ ಕೊಡಬೇಕಾದವರು ಆಚೆ ತೂಕದ ಕಟ್ಟೆಯ ಹತ್ತಿರ ನಿಂತಿದ್ದರು.

ಒಂದೇ ಒಂದು ಆಸೆ ಇಟ್ಟುಕೊಂಡಿದ್ದೆ. ಕೇಸು ಮುಗಿದ ಮೇಲಾದರೂ ನನ್ನ ಗಂಡ ಎದ್ದು ನಿಂತು, ಅಕ್ಕಿ ಇಡಿಸಿಕೊಂಡವನು ನಾನು, ಅವಳಲ್ಲ ಎಂದು ನಾಲ್ಕು ಜನರ ಎದುರು ಹೇಳಬೇಕು. ಕೋರ್ಟಿಗೆ ಬೇಡ, ಸರ್ಕಾರಕ್ಕೆ ಬೇಡ. ಆ ಹಾಜರಿಯ ಸಾಲಿನ ಎದುರು ಹೇಳಿದರೆ ಸಾಕಾಗಿತ್ತು. ಮೇಲಿನ ಕೋರ್ಟಿನಲ್ಲಿ ಗೆದ್ದ ಸಂಜೆ ಅದಕ್ಕಾಗಿಯೇ ಕಾದಿದ್ದೆ. ಬಂದದ್ದು ಕಾಪಿ ತೋರಿಸಬೇಡ ಎಂಬ ಮಾತು.

ಕೆಲಸ ವಾಪಸ್ ಸಿಗುವುದು ತೀರ್ಪು ಬಂದಷ್ಟು ಸುಲಭವಲ್ಲ. ಚಿಕ್ಕಮಗಳೂರಿನ ಆಫೀಸಿಗೆ ಅಲೆದೆ. ಇವತ್ತು ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಫೈಲು ಬೆಂಗಳೂರಿಗೆ ಹೋಗಿದೆ, ಮುಂದಿನ ವಾರ ಅಭಿಪ್ರಾಯ ಬರಬೇಕು. ಗೌರವದಿಂದ ಬಿಡುಗಡೆ ಮಾಡಿದ್ದಾರೋ ಅನುಮಾನದ ಮೇಲೆ ಬಿಟ್ಟಿದ್ದಾರೋ ನೋಡಬೇಕೆಂದು ಒಬ್ಬ ಗುಮಾಸ್ತ ತೀರ್ಪನ್ನು ಗಟ್ಟಿಯಾಗಿ ಓದತೊಡಗಿದ. ಎರಡನೇ ಸಾಕ್ಷಿ ಆರೋಪಿಯ ಪತಿ ಎಂಬಲ್ಲಿಗೆ ಬಂದಾಗ ಪಕ್ಕದ ಟೇಬಲ್ಲಿನವರು ತಲೆಯೆತ್ತಿದರು. ಬೀಗದ ಕೈ ತನ್ನಲ್ಲಿರುವಾಗ, ತನ್ನ ಗೋಡೌನಿನಲ್ಲಿ, ತನ್ನ ಕಾಫಿಯ ಹಿಂದೆ ಅಷ್ಟು ಮೂಟೆ ಬಂದು ಕೂತದ್ದು ತನಗೆ ತಿಳಿಯದೆಂಬ ಮಾತು ನಂಬುವಂಥದ್ದಲ್ಲ ಎಂದಿತ್ತು ತೀರ್ಪು. ಅವನು ಓದಿ ಮುಗಿಸಿ ನನ್ನ ಮುಖ ನೋಡಿದ. "ಇದು ನಿಮ್ ಮನೆಯವ್ರಾ ಮೇಡಂ?" ಅಂದ. ಹೌದು ಅಂದೆ. ಆ ಗಳಿಗೆಯಲ್ಲೂ ನನ್ನ ಗಂಡನ ಮರ್ಯಾದೆ ಹೋಯಿತಲ್ಲ ಎಂದೇ ನನಗೆ ಸಂಕಟವಾಯಿತು. ನನ್ನ ಹುಚ್ಚಿಗೆ ಏನು ಹೇಳಲಿ!

ಕೊನೆಗೂ ಆದೇಶ ಬಂತು. ಸೇವೆಗೆ ಪುನಃ ಸೇರಿಸಿಕೊಳ್ಳಲಾಗಿದೆ, ಮೂಡಿಗೆರೆ ಕಡೆಯ ಇನ್ನೊಂದು ಹಾಸ್ಟೆಲ್ಲಿನಲ್ಲಿ ಸೋಮವಾರ ಹಾಜರಾಗಬೇಕು. ದೇವರಮನೆ ಗುಡ್ಡಕ್ಕೆ ಪ್ರವಾಸಿಗರ ಕಾರುಗಳು ಹೋಗುವ ದಾರಿಯಲ್ಲಿ ಸಿಗುವ ಊರು ಅದು. ನನ್ನ ಗಂಡ ಆದೇಶವನ್ನು ದೇವರ ಮುಂದಿಟ್ಟು ದೀಪ ಹಚ್ಚಿದರು. ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತಿದ್ದೇನೆಂದು ಆಗ ಹೇಳಿದರು. ಒಂದು ಮೂಟೆ ಅಕ್ಕಿ ಕೊಡುತ್ತೇನೆಂದು ಹೊತ್ತಿದ್ದರಂತೆ. ಬೇರೆ ಏನೂ ಹೊಳೆಯಲಿಲ್ಲವೇ ಎಂದು ಕೇಳೋಣ ಅನ್ನಿಸಿತು.

ಹೊರನಾಡಿನಲ್ಲಿ ದರ್ಶನ ಮುಗಿಸಿ ಊಟದ ಪಂಕ್ತಿಯಲ್ಲಿ ಕೂತೆವು. ಪಕ್ಕದಲ್ಲಿ ಘಟ್ಟದ ಕೆಳಗಿನ ಯಾರೋ ಹಿರಿಯರು. ಅವರು ಏನೂ ಕೇಳಿರಲಿಲ್ಲ, ನನ್ನ ಗಂಡನೇ ಮಾತು ತೆಗೆದರು. "ನಮ್ ಮನೆಯವ್ರ ಮೇಲೆ ಸುಳ್ಳು ಕೇಸಾಗಿತ್ತು. ವರ್ಷಗಟ್ಲೆ ಒದ್ದಾಡಿದ್ವಿ. ಅಮ್ಮ ಕೈ ಬಿಡ್ಲಿಲ್ಲ." ಹಿರಿಯರು ಭಕ್ತಿಯಿಂದ ತಲೆಯಾಡಿಸಿದರು. ಅಮ್ಮ ಕೈಬಿಡಲಿಲ್ಲ, ಸರಿ. ಕೈಬಿಟ್ಟವರು ಎಲೆಯ ಮುಂದೆ ಕೂತು ಎರಡನೇ ಸಲ ಪಾಯಸ ಬಡಿಸಿಕೊಳ್ಳುತ್ತಿದ್ದರು. ದೇವಸ್ಥಾನದಲ್ಲಿ ಎಲೆಯಲ್ಲಿ ಬಿಡಬಾರದೆಂದು ಕಷ್ಟಪಟ್ಟು ನುಂಗಿದೆ.

ಮನೆಗೆ ಮರಳಿದ ಮರುದಿನ, ಅಂದರೆ ಕೆಲಸಕ್ಕೆ ಹಾಜರಾಗುವ ಹಿಂದಿನ ದಿನ ಭಾನುವಾರ, ನಾನೊಬ್ಬಳೇ ಬಂಗಲೆಯ ಗುಡ್ಡ ಹತ್ತಿದೆ. ಇನ್ನು ನಾನು ಈ ಎಸ್ಟೇಟಿನ ಆಳಲ್ಲ, ಯಾರ ಹಂಗೂ ಇಲ್ಲ. ಸಾಹುಕಾರರಿಗೆ ಮುಖದ ಮೇಲೆ ನಾಲ್ಕು ಮಾತು ಹೇಳಿಯೇ ಹೋಗಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ನನ್ನನ್ನು ಕಂಡು ಎದ್ದರು.

"ಬನ್ನಿ ಬನ್ನಿ. ಆರ್ಡರ್ ಬಂತಂತಲ್ಲ, ಒಳ್ಳೇದಾಯ್ತು. ಕೂತ್ಕಳಿ."

"ಕೂರೋಕೆ ಬಂದಿಲ್ಲ ಸಾವ್ಕಾರ್ರೇ. ನಮ್ ಯಜಮಾನ್ರ ಬಾಯಲ್ಲಿ ಸುಳ್ಳು ಹೇಳಿಸಿದ್ರಿ. ನಿಮ್ಮ ಎಸ್ಟೇಟಿನ ಹೆಸ್ರು ಉಳೀತು, ನನ್ನ ಹೆಸ್ರು ಮಣ್ಣಾಯ್ತು. ನಿಮ್ಮನೇ ಗೋಡೌನು, ನಿಮ್ಮನೇ ಜೀಪು, ನೀವೇ ಇಡಿ ಅಂದಿದ್ದು. ಒಂದು ಮಾತು ನಿಜ ಹೇಳಿದ್ರೆ ನಿಮ್ಮದೇನು ಹೋಗ್ತಿತ್ತು?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಸಿಟ್ಟು ಬಂದಂತೆ ಕಾಣಲಿಲ್ಲ. ನಾನು ಏನು ಹೇಳುತ್ತಿದ್ದೇನೆಂದೇ ಅವರಿಗೆ ತಿಳಿಯಲಿಲ್ಲ ಎಂದು ಕಂಡಿತು.

"ನಾನು ಹೇಳಿಸಿದ್ನಾ? ಯಾರಮ್ಮ ಹಂಗಂದಿದ್ದು?"

"ಅವ್ರೇ ಅಂದಿದ್ದು. ಎಸ್ಟೇಟಿನ ಹೆಸ್ರು ಬಂದ್ರೆ ಕೆಲಸಾನೂ ಇಲ್ಲ, ಮನೇನೂ ಇಲ್ಲ ಅಂದ್ರಂತೆ ನೀವು."

ಸಾಹುಕಾರರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. "ನೋಡಮ್ಮ, ಪೊಲೀಸ್ರು ಬಂದು ಹೋದ ವಾರವೇ ನಿಮ್ ಯಜಮಾನ್ರನ್ನ ಕರೆಸಿದ್ದೆ. ಅಕ್ಕಿ ಇಡೋಕೆ ಹೇಳಿದ್ದು ನಾನೇ, ಕೋರ್ಟಿಗೆ ಕರೆದ್ರೆ ಬಂದು ಹಂಗೇ ಹೇಳ್ತೀನಿ, ಲಾಯರಿಗೆ ತಿಳ್ಸು ಅಂದೆ. ಎರಡು ದಿನ ಬಿಟ್ಟು ಬಂದು, ಲಾಯರು ಬೇಡ ಅಂದ್ರು ಸಾವ್ಕಾರ್ರೇ, ನೀವು ಬಂದ್ರೆ ಕೇಸು ಇನ್ನೂ ಕೆಡ್ತದಂತೆ ಅಂದ್ರು. ನಾನೂ ಸುಮ್ನಾದೆ. ಆಮೇಲೆ ನೀವು ದಾರಿಯಲ್ಲಿ ಮುಖ ತಿರುಗಿಸ್ಕಂಡು ಹೋಗೋದು ನೋಡಿ, ನಮ್ಮಿಂದ ತೊಂದ್ರೆಯಾಯ್ತು ಅಂತ ಬೇಜಾರಾಗಿದೆ ಅನ್ಕಂಡೆ."

ಇಷ್ಟು ಹೇಳಿ, "ನಾನೇ ಒಂದ್ಸಲ ನಿಮ್ಮನೆಗೆ ಬಂದು ಕೇಳ್ಬಹುದಿತ್ತು" ಅಂದರು. ಕೇಳಬಹುದಿತ್ತು, ನಿಜ. ಕೇಳದೆ ಇದ್ದದ್ದು ಅವರಿಗೂ ಅನುಕೂಲವಾಗಿಯೇ ಇತ್ತು. ಆದರೆ ಅವರ ಲೆಕ್ಕಕ್ಕೆ ಅಷ್ಟು ಮಾತ್ರ ಬರೆಯಬಲ್ಲೆ. ಉಳಿದದ್ದನ್ನೆಲ್ಲ ನಾನು ತಪ್ಪು ಮನೆಯ ಬಾಗಿಲಿಗೆ ಹೊತ್ತು ಹಾಕಿದ್ದೆ.

ಗುಡ್ಡ ಇಳಿಯುವಾಗ ಮೊಬೈಲಿಗೆ ಸಿಗ್ನಲ್ ಸಿಗುವ ತಿರುವಿನಲ್ಲಿ ನಿಂತು ಲಾಯರಮ್ಮನಿಗೆ ಫೋನು ಮಾಡಿದೆ. ಎಸ್ಟೇಟಿನ ಸಾಹುಕಾರರನ್ನು ಸಾಕ್ಷಿಗೆ ಕರೆಯುವುದು ಬೇಡವೆಂದು ನೀವು ಹೇಳಿದ್ದಿರಾ ಎಂದು ಕೇಳಿದೆ.

"ಯಾವ ಸಾಹುಕಾರರು? ಅವರು ಬರೋಕೆ ತಯಾರಿದ್ರಾ? ಮೇಡಂ, ಆ ಒಂದು ಸಾಕ್ಷಿ ಸಿಕ್ಕಿದ್ರೆ ಕೆಳಗಿನ ಕೋರ್ಟಲ್ಲೇ ಕೇಸು ಮುಗಿದುಹೋಗ್ತಿತ್ತು. ನಿಮ್ಮ ಯಜಮಾನ್ರನ್ನ ನಾನೇ ಕೇಳಿದ್ದೆ, ಓನರ್ ಬರಲ್ಲ ಅಂದ್ರಂತೆ ಅಂದ್ರಲ್ಲ?"

ನಾನು ಆ ತಿರುವಿನಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ಅವರು ಮಂಚದ ಮೇಲೆ ಬಿದ್ದು ಅತ್ತದ್ದು, ನಾನು ತಲೆ ಸವರಿದ್ದು ನೆನಪಾಗಿ ನನ್ನ ಕೈಯ ಮೇಲೇ ನನಗೆ ಅಸಹ್ಯ ಹುಟ್ಟಿತು. ಕಟ್ಟೆಯ ಮೇಲೆ ನಿಂತು ಹೇಳಿದ ಸುಳ್ಳನ್ನು ಭಯದ ಮಾತೆಂದು ಬಿಟ್ಟುಬಿಡಬಹುದು. ಎದುರಿಗಿರುವ ನಾಲ್ಕು ಜನ ಕರಿಕೋಟಿನವರನ್ನು ಕಂಡು ಯಾರಿಗಾದರೂ ನಾಲಗೆ ತೊದಲುತ್ತದೆ. ಆದರೆ ಇದು ಮನೆಯಲ್ಲಿ, ನನ್ನ ಮಡಿಲಲ್ಲಿ ತಲೆಯಿಟ್ಟು ಹೇಳಿದ ಸುಳ್ಳು. ಆಮೇಲೆ ದಿನಾ ಬೆಳಿಗ್ಗೆ ನನ್ನ ಹೆಸರು ಕರೆದು, ನಾನು ಓ ಅಂದದ್ದನ್ನು ಕೇಳಿಸಿಕೊಂಡು, ಮುಂದಿನ ಹೆಸರಿಗೆ ಹೋದರು.

ಮನೆಗೆ ಬಂದಾಗ ಅವರು ನನ್ನ ಟ್ರಂಕಿಗೆ ಹಗ್ಗ ಕಟ್ಟುತ್ತಿದ್ದರು. ಉಪ್ಪಿನಕಾಯಿಯ ಜಾಡಿಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಿದ್ದರು. ನಾನು ಬಾಗಿಲಲ್ಲೇ ನಿಂತು ಕೇಳಿದೆ.

"ಸಾವ್ಕಾರ್ರು ಸಾಕ್ಷಿ ಹೇಳೋಕೆ ಬರ್ತೀನಿ ಅಂದಿದ್ರಂತೆ. ಹೌದಾ?"

ಅವರ ಕೈ ಹಗ್ಗದ ಮೇಲೆ ನಿಂತಿತು. ಯಾರು ಹೇಳಿದ್ದು ಎಂದು ಕೇಳಲಿಲ್ಲ. ಸುಳ್ಳೆಂದೂ ಹೇಳಲಿಲ್ಲ.

"ಅವ್ರು ಬಂದು, ರೈಟರಿಗೆ ಹೇಳಿ ಇಡಿಸ್ದೆ ಅಂದಿದ್ರೆ ನಾನೂ ಸಿಕ್ಕಿಹಾಕ್ಕಳ್ತಿದ್ದೆ. ಇಬ್ರೂ ಒಳಗೆ ಹೋಗಿ ಎಂತ ಮಾಡೋದಿತ್ತು? ನಿಂದು ಸರ್ಕಾರಿ ಕೆಲಸ, ಏನೂ ಆಗಲ್ಲ, ಒಂದಿನ ವಾಪಸ್ ಸಿಕ್ಕೇ ಸಿಗ್ತದೆ ಅನ್ಕಂಡೆ. ಸಿಕ್ತಲ್ಲ ಈಗ."

"ಹೆದ್ರಿಕೆ ಆಯ್ತು ಅಂತ ಅವತ್ತೇ ನಂಗೆ ಹೇಳ್ಬಹುದಿತ್ತಲ್ರೀ."

"ಹೇಳಿದ್ರೆ ನೀ ಬಿಡ್ತಿದ್ಯಾ?"

ಅದೇ ನನಗೆ ಹೆಚ್ಚು ನೋವಾದ ಮಾತು. ಬಿಡುತ್ತಿದ್ದೆ. ಹೆದರಿದೆ ಎಂದು ಹೇಳಿದ್ದರೆ ಬೈಯುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಮೂರನೇ ದಿನ ಇಬ್ಬರೂ ಕೂತು ಬೇರೆ ದಾರಿ ಹುಡುಕುತ್ತಿದ್ದೆವು. ಇಷ್ಟು ವರ್ಷ ಜೊತೆಗಿದ್ದೂ ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ನಾನು ಮಾತ್ರ ಅವರನ್ನು ನಂಬಿ ಕಾಲರ್ ಸರಿಮಾಡಿ ಕಳಿಸಿದ್ದೆ.

ಅವರು ಮತ್ತೆ ಹಗ್ಗ ಎಳೆಯತೊಡಗಿದರು. ಗಂಟು ಬಿಗಿದು, ಏನೂ ನಡೆದೇ ಇಲ್ಲವೆಂಬ ಹಾಗೆ ಅಂದರು, "ಆಗಿದ್ದಾಯ್ತು ಬಿಡು ಮಾರಾಯ್ತಿ. ನಾಳೆಗೆ ಜೀಪು ಹೇಳಿದ್ದೀನಿ. ನಾನೇ ಬಂದು ಬಿಡ್ತೀನಿ."

"ಜೀಪು ಬೇಡ. ಬಸ್ಸಿಗೆ ಹೋಗ್ತೀನಿ."

"ಸರಿ, ಶನಿವಾರ ಸಂಜೆ ನೀ ಮನೆಗೆ ಬರೋವಾಗ ಬಸ್ ಸ್ಟ್ಯಾಂಡ್ ಹತ್ರ ಬಂದಿರ್ತೀನಿ. ಎಷ್ಟು ಗಂಟೆಗೆ ಬರ್ತೀಯ?"

ನಾನು ಟ್ರಂಕನ್ನು ನನ್ನ ಕಡೆಗೆ ಎಳೆದುಕೊಂಡೆ. ಸಿಟ್ಟಿನಲ್ಲಿ ಹೇಳಲಿಲ್ಲ, ಹೇಳುವಾಗ ದನಿಯೂ ಏರಲಿಲ್ಲ.

"ಕೋರ್ಟು ಹೇಳ್ತು ಅಂತ ಸರ್ಕಾರ ನನ್ನನ್ನ ವಾಪಸ್ ತಗೊಳ್ತು. ನಿಮ್ಮನ್ನ ವಾಪಸ್ ತಗೋ ಅಂತ ನಂಗೆ ಯಾವ ಕೋರ್ಟೂ ಹೇಳಿಲ್ಲ."